ಚೆಕ್ ಮಂತ್ರಿಯ ಕೊನೆಯ ಟೇಪು

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ ಮೂಗಿಗೆ ಬಡಿಯಿತು. ಹಳೆಯ ಟೇಪುಗಳ ಕೆಲಸದಲ್ಲಿ ಕಿವಿಗಿಂತ ಮೊದಲು ಮೂಗನ್ನು ನಂಬಬೇಕು. ಹುಳಿ ವಾಸನೆ ಬಂತೆಂದರೆ ಟೇಪಿನ ತಳದ ಪ್ಲಾಸ್ಟಿಕ್ ಒಳಗಿಂದಲೇ ಕೆಡುತ್ತಿದೆ ಎಂದರ್ಥ. ಬೇರೆ ಜಾತಿಯ ಟೇಪುಗಳನ್ನು ಹದವಾದ ಶಾಖದಲ್ಲಿ ಒಣಗಿಸಿ ಬದುಕಿಸಬಹುದು. ಇದನ್ನು ಹಾಗೆ ಶಾಖಕ್ಕೆ ಇಟ್ಟರೆ ಸುರುಟಿ ಹೋಗುತ್ತದೆ. ಒಂದೇ ಸಲ ಓಡಿಸಬೇಕು, ಆ ಒಂದೇ ಸಲಕ್ಕೆ ದನಿಯನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಎರಡನೆಯ ಸಲಕ್ಕೆ ಟೇಪು ಉಳಿದಿರುತ್ತದೆ ಎಂಬ ಭರವಸೆ ಇರಲಿಲ್ಲ.

ತಂದವರು ಎಪ್ಪತ್ತು ದಾಟಿದ ಹೆಂಗಸು. ಮಾರಿಸ್‌ಟೌನ್‌ನಿಂದ ರೈಲಿನಲ್ಲಿ ಬಂದಿದ್ದರು. ಡಬ್ಬಿಗಳನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿ, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡೇ ತಂದರಂತೆ. ಎಲ್ಲದರಲ್ಲೂ ಇದ್ದದ್ದು ಅವರ ತಂದೆಯ ದನಿ. ಅವರ ತಂದೆ ಒಂದು ಕಾಲಕ್ಕೆ ಚೆಕ್ ದೇಶದಲ್ಲಿ ಮಂತ್ರಿಯಾಗಿದ್ದವರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ಆದರೆ ನನ್ನ ನೆನಪಿನಲ್ಲಿ ಅವರು ಕನ್ನಡದಲ್ಲೇ ಮಾತಾಡುತ್ತಾರೆ.

ಅದು ದೊಡ್ಡ ಬ್ಯಾಂಕುಗಳು ಒಂದರ ಹಿಂದೊಂದು ಕುಸಿದ ಶರತ್ಕಾಲದ ಮರು ಚಳಿಗಾಲ. ನನ್ನ ಗಂಡನ ಕೆಲಸ ಆಗಲೇ ಹೋಗಿತ್ತು. ನ್ಯೂಯಾರ್ಕಿನ ಹತ್ತಿರದ ಮೆಟುಚೆನ್‌ನ ಬಾಡಿಗೆ ಮನೆಯಲ್ಲಿ ಅವನು ಬೆಳಿಗ್ಗೆ ಹೊತ್ತು ಅರ್ಜಿ ಹಾಕುವುದು, ಮಧ್ಯಾಹ್ನ ಅಡಿಗೆ ಮಾಡುವುದು ನಡೆಸಿದ್ದ. ನಾನು ರೈಲು ಹಿಡಿದು ಹ್ಯಾರಿಸನ್‌ಗೆ ಹೋಗಿ ಬರುತ್ತಿದ್ದೆ. ಅಲ್ಲಿ ಹಳೆಯ ಕಾರ್ಖಾನೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮ ಸ್ಟುಡಿಯೋ. ಮದುವೆ ಕ್ಯಾಸೆಟ್ಟು, ಚರ್ಚಿನ ಹಾಡು, ಯಾರದೋ ಅಜ್ಜಿಯ ಜೋಗುಳ, ಇಂಥವನ್ನೆಲ್ಲ ಹಳೆಯ ಟೇಪಿನಿಂದ ಸಿಡಿಗೆ ಇಳಿಸಿಕೊಡುವ ಜಾಗ. ಅದರ ಯಜಮಾನರು ಮಂಗಳೂರು ಕಡೆಯ ಕ್ಯಾಥೊಲಿಕ್, ಹರೆಯದಲ್ಲಿ ಚರ್ಚಿನ ಹಾಡಿನ ಮೇಳ ನಡೆಸಿದವರು. ಎಲ್ಲರಿಗೂ ಅಂಕಲ್, ನನಗೂ ಅಂಕಲ್. ಕಟ್ಟಡವನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಾರೆಂದು ನೋಟೀಸು ಬಂದಿತ್ತು. ವಸಂತ ಬರುವಷ್ಟರಲ್ಲಿ ಖಾಲಿ ಮಾಡಬೇಕು. ಟೇಪು ಓಡಿಸುವ ದೊಡ್ಡ ಯಂತ್ರವನ್ನು ಕೊಳ್ಳಲು ಯಾರೋ ಒಪ್ಪಿಯೂ ಆಗಿತ್ತು. ಹೀಗಾಗಿ ಮಂತ್ರಿಗಳ ಟೇಪುಗಳೇ ನಮ್ಮ ಕೊನೆಯ ಕೆಲಸ.

ಮಂತ್ರಿಗಳ ಕಥೆಯನ್ನು ಮಗಳು ತುಂಡು ತುಂಡಾಗಿ ಹೇಳಿದರು. ಹಿಟ್ಟಿನ ಗಿರಣಿಯವನ ಮಗ. ವಕೀಲಿ ಓದಿ, ಊರೂರಿಗೆ ಅಲೆದು, ರೈತರು ಒಟ್ಟಾಗಿ ಗೋಧಿ ಮಾರುವ ಸಂಘಗಳನ್ನು ಕಟ್ಟಿದರು. ಮಹಾಯುದ್ಧ ಮುಗಿದ ಮೇಲಿನ ಸರ್ಕಾರದಲ್ಲಿ ಮಂತ್ರಿಯಾದರು. ಕಮ್ಯುನಿಸ್ಟರು ಅಧಿಕಾರವನ್ನು ಕೈಗೆ ತೆಗೆದುಕೊಂಡಾಗ ರಾಜೀನಾಮೆ ಕೊಟ್ಟು, ಹೆಂಡತಿ ಮಗಳ ಜೊತೆ ಕಾಡಿನ ಹಾದಿಯಲ್ಲಿ ನಡೆದು ಗಡಿ ದಾಟಿದರು. ಮಗಳು ಆಗ ಚಿಕ್ಕವಳು. ಹಿಮದ ಮೇಲೆ ಹೆಜ್ಜೆಯ ಸದ್ದಾಗಬಾರದೆಂದು ಅಪ್ಪ ಬೂಟಿಗೆ ಬಟ್ಟೆ ಸುತ್ತಿದ್ದು ಮಾತ್ರ ನೆನಪಿದೆ. ನ್ಯೂಯಾರ್ಕಿಗೆ ಬಂದ ಮೇಲೆ ಹಗಲು ಕೈಗವಸಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ, ಸಂಜೆ ತನ್ನಂತೆ ಓಡಿಬಂದವರ ಸಭೆಗಳಲ್ಲಿ ಭಾಷಣ. ಒಬ್ಬ ಗೆಳೆಯರು ಆ ಭಾಷಣಗಳನ್ನೆಲ್ಲ ಟೇಪು ಮಾಡುತ್ತಿದ್ದರು. ಮಂತ್ರಿಗಳು ಇಲ್ಲಿಯೇ ತೀರಿಕೊಂಡರು. ಅವರ ದೇಶ ಬಿಡುಗಡೆಯಾದದ್ದು ಎಷ್ಟೋ ವರ್ಷಗಳ ನಂತರ.

ಈಗ ಅವರ ಊರಿನವರು ಹಳೆಯ ಗಿರಣಿಯನ್ನು ಮ್ಯೂಸಿಯಂ ಮಾಡುತ್ತಿದ್ದರು. ಬಾಗಿಲಿಗೆ ಎದುರಾದ ಗೋಡೆಯ ಮೇಲೆ ಅವರ ಕೊನೆಯ ಭಾಷಣದ ಮಾತನ್ನು ಹಿತ್ತಾಳೆಯ ಅಕ್ಷರಗಳಲ್ಲಿ ಹಾಕುವುದೆಂದು ತೀರ್ಮಾನವಾಗಿತ್ತು. 'ವ್ರಾತೀಮೆ ಸೆ', ಅಂದರೆ 'ನಾವು ಮರಳುತ್ತೇವೆ.' ಆ ಮಾತನ್ನು ಅವರಿಗೆ ಬರೆದು ಕಳಿಸಿದವರು ಮಗಳೇ. ತಂದೆ ಅದನ್ನು ಹೇಳಿದಾಗ ಮಗಳು ಸಭೆಯ ಹಿಂದಿನ ಸಾಲಿನಲ್ಲಿ ಕಾಫಿ ಕೊಡುತ್ತಿದ್ದರಂತೆ. ಗೋಡೆಯ ಮುಂದೆ ನಿಂತವರಿಗೆ ಆ ಮಾತು ಮಂತ್ರಿಗಳ ದನಿಯಲ್ಲೇ ಕೇಳಬೇಕು ಎಂಬುದು ಮ್ಯೂಸಿಯಮ್ಮಿನವರ ಆಸೆ.

ಕೊನೆಯ ಭಾಷಣದ ಟೇಪೇ ಎಲ್ಲಕ್ಕಿಂತ ಹದಗೆಟ್ಟದ್ದು. ಮಗಳ ಮನೆಯ ಬೇಸ್‌ಮೆಂಟಿಗೆ ಒಂದು ಬಿರುಮಳೆಯಲ್ಲಿ ನೀರು ನುಗ್ಗಿದಾಗ ಆ ಡಬ್ಬಿ ಕೆಳಗಿನ ಕಪಾಟಿನಲ್ಲಿತ್ತು.

ಒಳ್ಳೆಯ ಟೇಪುಗಳಿಂದ ಶುರು ಮಾಡಿದೆ. ಕಿಟಕಿಯಾಚೆ ನದಿ, ನದಿಯಾಚೆ ಒಣಗಿದ ಜೊಂಡು, ಅದರ ಮೇಲೆ ಮಧ್ಯಾಹ್ನವಾದರೂ ಏಳದ ಮಂಜು. ಹೆಡ್‌ಫೋನ್ ಹಾಕಿಕೊಂಡರೆ ಮಂಜು ಕಿವಿಯೊಳಗೂ ಬರುತ್ತಿತ್ತು. ಅರ್ಥವಾಗದ ಭಾಷೆಯಲ್ಲಿ ಒಬ್ಬ ಮನುಷ್ಯ ದಿನವಿಡೀ ನನ್ನೊಡನೆ ಮಾತಾಡುತ್ತಿದ್ದ. ಮಾತು ತಿಳಿಯದಿದ್ದರೇನು, ಮನುಷ್ಯ ತಿಳಿಯುತ್ತಾ ಹೋದ. ಕಷ್ಟದ ವಾಕ್ಯಕ್ಕೆ ಮೊದಲು ಒಂದು ಗುಟುಕು ನೀರು ಕುಡಿಯುವನು. ನಗಿಸಿದ ಮೇಲೆ ತಾನು ನಗದೆ ಕಾಯುವನು. 'ವ್ರಾತೀಮೆ ಸೆ' ಎಂಬುದು ಪ್ರತಿ ಭಾಷಣದ ಕೊನೆಗೂ ಬರುತ್ತಿತ್ತು. ಬಂದ ಕೂಡಲೇ ಚಪ್ಪಾಳೆ ಸುರಿಯುತ್ತಿತ್ತು.

ಆ ಟೇಪುಗಳಲ್ಲಿ ಇನ್ನೊಂದು ವಿಚಿತ್ರವೂ ಇತ್ತು. ಅವರು ಸುಮ್ಮನಿದ್ದಾಗ, ಇನ್ನೂ ಆಡದ ಮಾತು ಬಹಳ ದೂರದಿಂದ ಬಂದಂತೆ ಸಣ್ಣಗೆ ಕೇಳಿ, ಕೆಲ ಕ್ಷಣ ಬಿಟ್ಟು ಅದೇ ಮಾತು ನಿಜವಾಗಿ ಬರುತ್ತಿತ್ತು. ನಮ್ಮ ಕೆಲಸದವರಿಗೆ ಇದು ಹೊಸದಲ್ಲ. ಸುತ್ತಿಟ್ಟ ಟೇಪು ವರ್ಷಗಟ್ಟಲೆ ಅಲುಗಾಡದೆ ಬಿದ್ದಿದ್ದರೆ, ಒಂದು ಸುತ್ತಿನ ದನಿ ಹಿಂದಿನ ಸುತ್ತಿಗೂ ಮುಂದಿನ ಸುತ್ತಿಗೂ ಚೂರು ಹತ್ತಿಕೊಳ್ಳುತ್ತದೆ, ಒದ್ದೆ ಸೀರೆಯ ಬಣ್ಣ ಪಕ್ಕದ ಬಟ್ಟೆಗೆ ಹತ್ತುವಂತೆ. ಅಂಕಲ್ ಇದನ್ನು ನೆರಳು ಎನ್ನುತ್ತಿದ್ದರು. ಗಿರಾಕಿಗಳಿಗೆ ನೆರಳು ಇಷ್ಟವಾಗುವುದಿಲ್ಲ. ಅದನ್ನು ಒರೆಸಿ ಹಾಕುವುದೇ ನಮ್ಮ ವಾಡಿಕೆ.

ದಿನವೂ ಅದನ್ನೇ ಕೇಳಿ ಕೇಳಿ ನನ್ನ ದಿನಗಳಿಗೂ ನೆರಳು ಹತ್ತಿತು. ಸಂಜೆಯ ರೈಲಿನಲ್ಲಿ ಅರೆನಿದ್ದೆಯಲ್ಲಿರುವಾಗ, ಮುಂದಿನ ಸ್ಟೇಷನ್ನಿನ ಹೆಸರು ಕೂಗುವ ಮೊದಲೇ ನನಗೆ ಕೇಳಿದಂತಾಗುತ್ತಿತ್ತು. ಕನಸಿನಲ್ಲಿ ಯಾರೋ ಬಟ್ಟೆ ಸುತ್ತಿದ ಬೂಟಿನಲ್ಲಿ ನಮ್ಮ ಮನೆಯ ಮೆಟ್ಟಿಲು ಹತ್ತುತ್ತಿದ್ದರು, ಸದ್ದೇ ಇರುತ್ತಿರಲಿಲ್ಲ. ಒಂದು ಬೆಳಿಗ್ಗೆ ಕಾಫಿ ಕೊಡುತ್ತಾ ಗಂಡ ಕೇಳಿದ.

"ನಿದ್ದೇಲಿ ಏನೋ ಹೇಳ್ತಿದ್ದೆ. ಸೆ, ಸೆ ಅಂತ. ಯಾರನ್ನ ಕರೀತಿದ್ದೆ?"

ನಕ್ಕು, ಅದು ಕರೆಯುವ ಮಾತಲ್ಲ, ವಾಪಸ್ ಹೋಗುವ ಮಾತು ಎಂದೆ. ಅವನು ನಗಲಿಲ್ಲ. ಮೈಸೂರಿಗೆ ವಾಪಸ್ ಹೋಗುವುದೋ, ಇಲ್ಲೇ ಇನ್ನೊಂದಿಷ್ಟು ಕಾಲ ನೋಡುವುದೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಎಲ್ಲಿಗೂ ಮುಟ್ಟದೆ ನಿಂತಿತ್ತು.

ಕೊನೆಯ ಟೇಪಿಗೆ ಕೈ ಹಾಕಿದ ದಿನ ಹಿಮ ಬೀಳುತ್ತಿತ್ತು. ಯಂತ್ರದ ಎಳೆತವನ್ನು ಆದಷ್ಟು ಕಡಿಮೆ ಮಾಡಿ, ಬಿಗಿಯಾಗಿ ಒತ್ತುವ ಭಾಗಗಳನ್ನು ಬಿಚ್ಚಿಟ್ಟು, ಸುರುಳಿಯನ್ನು ಮೊದಲು ಕೈಯಿಂದಲೇ ನಿಧಾನಕ್ಕೆ ಬಿಚ್ಚುತ್ತಾ ಹೋದೆ. ಹಳೆಯ ಅಂಟುಗಳು ಬಿಟ್ಟುಕೊಂಡಲ್ಲಿ ಹೊಸದಾಗಿ ಅಂಟಿಸಿದೆ. ಎರಡು ಕಡೆ ಟೇಪು ಒಣಗಿದ ಎಲೆಯಂತೆ ಪಟ್ಟನೆ ಮುರಿಯಿತು. ಮುರಿದ ತುದಿಗಳನ್ನು ಭೂತಗನ್ನಡಿಯ ಕೆಳಗೆ ಜೋಡಿಸಿದೆ. ಇವೆಲ್ಲ ನಿರೀಕ್ಷಿಸಿದ್ದೇ. ನಿರೀಕ್ಷಿಸದಿದ್ದದ್ದು ಭಾಷಣದ ಕೊನೆಯ ಭಾಗದಲ್ಲಿ ಕಾದಿತ್ತು. ನೀರಿನಿಂದ ಎರಡು ಸುತ್ತು ಒಂದಕ್ಕೊಂದು ಅಂಟಿ, ಒಂದರ ಕಂದು ಲೇಪವೆಲ್ಲ ಎದ್ದುಬಂದಿತ್ತು. ಸುಮಾರು ಒಂದು ಮೊಳ ಉದ್ದ ಟೇಪು ಬರೀ ಗಾಜಿನಂತೆ ಪಾರದರ್ಶಕವಾಗಿತ್ತು. ದನಿ ಇರುವುದು ಆ ಕಂದು ಲೇಪದಲ್ಲಿ. ಲೇಪ ನನ್ನ ಬೆರಳ ಮೇಲೆ ಪುಡಿಯಾಗಿ ಉದುರಿತು.

ಅಂಕಲ್ ಬಂದು ನೋಡಿದರು. ಹೋಗಿ ಕಿಟಕಿಯ ಬಳಿ ನಿಂತರು.

ಉಳಿದದ್ದನ್ನು ಓಡಿಸಿ ಇಳಿಸಿಕೊಂಡೆವು. ಮಂತ್ರಿಗಳ ದನಿ ಈ ಟೇಪಿನಲ್ಲಿ ಸೊರಗಿತ್ತು, ಉಸಿರು ಸಾಲುತ್ತಿರಲಿಲ್ಲ. ಕೊನೆಗೆ ಬಂದಾಗ ಒಂದು ಗುಟುಕು ನೀರು ಕುಡಿದರು. ತುಸು ಹೊತ್ತು ಸುಮ್ಮನಿದ್ದರು. ಆಮೇಲೆ ಆ ಪಾರದರ್ಶಕ ತುಂಡು ಸದ್ದಿಲ್ಲದೆ ಹಾದುಹೋಯಿತು. ಆಮೇಲೆಯೂ ಸಭೆಯ ಮೌನ, ಯಾರೋ ಕುರ್ಚಿ ಸರಿಸಿದ್ದು, ಅಷ್ಟೇ. ಗೋಡೆಯ ಮೇಲೆ ಹಾಕಬೇಕಾದ ಮಾತೇ ಹೋಗಿತ್ತು.

ಮಗಳಿಗೆ ಫೋನ್ ಮಾಡಿ ಹೇಳಿದೆ. ಅವರು ಬೈಯಲಿಲ್ಲ. ಮಾರನೆಯ ದಿನ ಬಂದು, ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು, ಹಿಮದ ನೀರು ತೊಟ್ಟಿಕ್ಕುವ ಕೋಟನ್ನು ಬಿಚ್ಚುವುದನ್ನೂ ಮರೆತು ಮಾತಾಡಿದರು. ಒಂದು ಥರದಲ್ಲಿ ಒಳ್ಳೆಯದೇ ಆಯಿತು ಎಂದರು. ಆ ಮಾತಿನ ಮೇಲೆ ಅವರಿಗೆ ಜೀವಮಾನದ ಸಿಟ್ಟಿತ್ತು. ನಾವು ಮರಳುತ್ತೇವೆ, ನಾವು ಮರಳುತ್ತೇವೆ ಎನ್ನುತ್ತಲೇ ಅವರ ತಂದೆ ಒಂದು ಮನೆ ಮಾಡಲಿಲ್ಲ. ತಾಯಿ ಇಂಗ್ಲಿಷ್ ಕಲಿಯಲಿಲ್ಲ. ಕಿಟಕಿಗಳಿಗೆ ಪರದೆ ಕೂಡ ಹಾಕಲಿಲ್ಲವಂತೆ, ಹೇಗೂ ಹೊರಡುವವರು ಎಂದು. ಮಗಳು ಮದುವೆಯಾಗಲು ಬಯಸಿದ ಅಮೆರಿಕನ್ ಹುಡುಗನಿಗೆ, ಈಗಲೇ ಬೇಡ, ಊರಿಗೆ ಹೋಗುವವರಿದ್ದೇವೆ ಎಂದು ಹೇಳಿ ಕಳಿಸಲಾಯಿತು. ಕೊನೆಗೆ ಅಪ್ಪ ಅಮ್ಮ ಇಬ್ಬರೂ ಇಲ್ಲಿಯ ಮಣ್ಣಿಗೇ ಹೋದರು.

"ಸಾಯುವ ಮನುಷ್ಯ ಅಷ್ಟು ಜನರ ಮುಂದೆ ನಿಂತು ಸುಳ್ಳು ಹೇಳಿದ. ಅದನ್ನು ಹಿತ್ತಾಳೆಯಲ್ಲಿ ಬರೆಸಲು ಕೊಟ್ಟವಳೂ ನಾನೇ. ಜನ ಕೇಳಬಯಸುವುದು ಅದನ್ನೇ ಅಲ್ಲವೇ?" ಎಂದರು.

ಅವರು ಹೋದ ಮೇಲೆ ನಾನು ಸುಮ್ಮನೆ ಆ ಮೌನವನ್ನೇ ಕೇಳುತ್ತಾ ಕೂತೆ. ಯಾಕೆ ಕೇಳಿದೆನೋ, ಬಹುಶಃ ಮಂತ್ರಿಗಳು ನೀರು ಕುಡಿದ ಸದ್ದಿಗಾಗಿ. ಗುಟುಕಿನ ನಂತರದ ಮೌನದಲ್ಲಿ, ನದಿಯ ಮಂಜಿನ ಆಚೆಯಿಂದ ಬಂದಂತೆ, ಏನೋ ಅಲುಗಾಡಿತು. ದನಿ ಏರಿಸಿದೆ. ಮತ್ತೆ ಏರಿಸಿದೆ. ನೆರಳು!

ಲೇಪ ಹೋದದ್ದು ಒಂದು ಸುತ್ತಿನದು ಮಾತ್ರ. ಆ ಸುತ್ತಿನ ದನಿ ಅಷ್ಟು ವರ್ಷ ಪಕ್ಕದ ಸುತ್ತಿಗೆ ಹತ್ತಿಕೊಂಡು ಮಲಗಿತ್ತು. ಪಕ್ಕದ ಸುತ್ತಿನಲ್ಲಿ ಮಾತಿದ್ದರೆ ಅದರಡಿ ಮುಚ್ಚಿಹೋಗುತ್ತಿತ್ತು. ಅಲ್ಲಿ ಮೌನವಿದ್ದುದರಿಂದ ಉಳಿದಿತ್ತು.

ಅಂಕಲ್ಲನ್ನು ಕರೆದೆ. ಅವರಿಗೂ ಕೇಳಿತು. 'ವ್ರಾತೀ' ಎಂಬಷ್ಟು ಗೊತ್ತಾಗುತ್ತದೆ, ಕೊನೆಯ 'ಸೆ' ಗೊತ್ತಾಗುತ್ತದೆ, ನಡುವಿನದು ಮಸುಕು. ಗದ್ದಲ ಕಳೆಯುವ ಸಾಫ್ಟ್‌ವೇರ್‌ಗೆ ಹಾಕಿದೆ. ಒಂದು ರೀತಿ ಹೊಂದಿಸಿದರೆ 'ಮೆ' ಎಂದು ಕೇಳಿತು. ಇನ್ನೊಂದು ರೀತಿ ಹೊಂದಿಸಿದರೆ 'ತೆ'. ಮೂರನೆಯ ರೀತಿಯಲ್ಲಿ ಮನುಷ್ಯರ ಬಾಯಿಂದ ಬರದ ಯಾವುದೋ ಸದ್ದು. ಹೀಗೇ ಕೆಲವು ದಿನ ಕಳೆದವು. ಯಂತ್ರ ಕೊಂಡವನು ಯಾವಾಗ ಒಯ್ಯಲಿ ಎಂದು ಫೋನ್ ಮಾಡತೊಡಗಿದ್ದ.

ಅಂಕಲ್ಲಿಗೆ ತಾಳ್ಮೆ ತಪ್ಪಿತು. "ಅವರಿಗೆ ಬೇಕಾದ್ದು ಮೆ ಅಲ್ವಾ? ಮೆ ಕೇಳುವ ಹಾಗೆ ಬಂದದ್ದು ಉಂಟಲ್ಲ, ಅದನ್ನೇ ಕೊಟ್ಟುಬಿಡು ಮಾರಾಯ್ತಿ. ಬೇರೆ ಟೇಪಿನಲ್ಲಿ ಅವರು ಅದನ್ನೇ ಹೇಳಿದ್ದಲ್ವಾ. ಯಾರಿಗೆ ಏನು ನಷ್ಟ?"

ಅವರ ಮಾತು ತಪ್ಪೆನಿಸಲಿಲ್ಲ. ಇತರ ಭಾಷಣಗಳಲ್ಲೆಲ್ಲ 'ಮೆ'ಯೇ. ಒಂದು ಒಳ್ಳೆಯ ಟೇಪಿನಿಂದ ಆ ಮಾತನ್ನು ಕತ್ತರಿಸಿ ಇಲ್ಲಿ ಕೂರಿಸಿದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಸಂಜೆಯ ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದೆ. ಜೊಂಡಿನ ಬಯಲು, ದೀಪಗಳು, ಗಾಜಿನಲ್ಲಿ ನನ್ನದೇ ಮುಖ, ಎಲ್ಲ ಒಂದರೊಳಗೊಂದು ಹಾದುಹೋಗುತ್ತಿದ್ದವು. ಒಬ್ಬ ಮನುಷ್ಯ ಕೊನೆಯ ಸಲ ಆಡಿದ ಮಾತನ್ನು ಒಂದು ಗುಂಡಿ ತಿರುಗಿಸಿ ನಾನು ಆಯ್ದುಕೊಳ್ಳುತ್ತಿದ್ದೇನೆ ಎಂಬುದು ಆಗ ಹೊಳೆಯಿತು. ಮೆಟುಚೆನ್‌ನಲ್ಲಿ ಇಳಿಯುವಷ್ಟರಲ್ಲಿ ತೀರ್ಮಾನಿಸಿದ್ದೆ. ಸಾಫ್ಟ್‌ವೇರ್ ಮಾಡಿದ್ದನ್ನೆಲ್ಲ ಅಳಿಸುತ್ತೇನೆ. ಟೇಪು ಕೊಟ್ಟಷ್ಟನ್ನು ಮಾತ್ರ ಕೇಳುತ್ತೇನೆ. ಏನೂ ಕೇಳದಿದ್ದರೆ ಕೇಳಲಿಲ್ಲ ಎಂದೇ ಹೇಳುತ್ತೇನೆ.

ಬೆಳಿಗ್ಗೆ ಎಲ್ಲ ಅಳಿಸಿದೆನೆಂದು ಹೇಳಿದಾಗ ಅಂಕಲ್ ತಲೆಯ ಮೇಲೆ ಕೈ ಹೊತ್ತರು. ಸ್ವಲ್ಪ ಹೊತ್ತಿನ ಮೇಲೆ ತಮ್ಮ ಟೀ ಲೋಟ ಹಿಡಿದು ನನ್ನ ಹಿಂದೆ ಬಂದು ನಿಂತರು.

"ನೆರಳು ಎರಡು ಕಡೆಗೆ ಬೀಳ್ತದೆ ಅಲ್ವಾ? ನೀನು ಹಿಂದಿನ ಸುತ್ತು ಮಾತ್ರ ನೋಡಿದ್ದು. ಮುಂದಿನದ್ದು?"

ನಾನು ನೋಡಿರಲಿಲ್ಲ. ಭಾಷಣದ ಕೊನೆಯಲ್ಲಿ ಚಪ್ಪಾಳೆ ಇದ್ದೇ ಇರುತ್ತದೆ, ಅದರಡಿ ಏನೂ ಉಳಿದಿರುವುದಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ಕೂತಿತ್ತು. ಆದರೆ ಅಲ್ಲಿಯೂ ಮೌನವಿತ್ತಲ್ಲ, ನಾನೇ ಕೇಳಿದ್ದೆನಲ್ಲ. ಹುಡುಕಿದೆವು. ಪಾರದರ್ಶಕ ತುಂಡಿನ ನಂತರ, ಕುರ್ಚಿ ಸರಿಯುವ ಮುಂಚೆ, ಎರಡನೆಯ ನೆರಳು ಸಿಕ್ಕಿತು. ಒಂದೇ ಮಾತಿನ ಎರಡು ನೆರಳುಗಳು. ಎರಡನ್ನೂ ತೆಗೆದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಒಂದರ ಮೇಲೊಂದು ಇಟ್ಟೆ. ಗದ್ದಲ ಎರಡರಲ್ಲೂ ಬೇರೆ ಬೇರೆ, ಹಾಗಾಗಿ ಅದು ಹಿಂದೆ ಸರಿಯುತ್ತದೆ. ಮಾತು ಎರಡರಲ್ಲೂ ಒಂದೇ, ಹಾಗಾಗಿ ಮುಂದೆ ಬರುತ್ತದೆ.

'ಮ' ಎನ್ನುವಾಗ ತುಟಿ ಮುಚ್ಚಿದರೂ ಮೂಗಿನಲ್ಲಿ ಗುಂಯ್‌ಗುಡುವ ದನಿ ನಿಲ್ಲುವುದಿಲ್ಲ. 'ತ' ಎನ್ನುವಾಗ ಒಂದು ಚಿಟಿಕೆಯಷ್ಟು ಹೊತ್ತು ದನಿ ಪೂರ್ತಿ ಕಡಿದುಹೋಗುತ್ತದೆ. ಪರದೆಯ ಮೇಲೆ ದನಿಯ ಚಿತ್ರದಲ್ಲಿ ಆ ಜಾಗದಲ್ಲಿ ಕಡಿತವಿತ್ತು. ಎರಡೂ ನೆರಳುಗಳಲ್ಲಿ, ಒಂದೇ ಜಾಗದಲ್ಲಿ. ಅಂಕಲ್ ಕಣ್ಣು ಮುಚ್ಚಿ ಕೇಳಿ, ಹೌದು ಎಂಬಂತೆ ತಲೆಯಾಡಿಸಿದರು. ಆದರೂ ಅಷ್ಟು ಸಣ್ಣ ದನಿಯ ಮೇಲೆ ಆಣೆ ಇಡುವ ಧೈರ್ಯ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಮಗಳಿಗೆ ಫೋನ್ ಮಾಡಿದೆ. ಏನು ಸಿಕ್ಕಿತೆಂದು ಹೇಳುವ ಮೊದಲು, ಆ ಮಾತಿನಲ್ಲಿ 'ಮೆ' ಬದಲು 'ತೆ' ಇದ್ದರೆ ಏನರ್ಥ ಎಂದು ಕೇಳಿದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಆ ಕಡೆ ಅವರು ಕುರ್ಚಿ ಎಳೆದು ಕೂತ ಸದ್ದು ಕೇಳಿತು.

"ನೀವು ಮರಳುತ್ತೀರಿ," ಎಂದರು. ಆಮೇಲೆ, ಮುಂದಿನ ರೈಲಿಗೇ ಬರುತ್ತೇನೆ ಎಂದು ಫೋನ್ ಇಟ್ಟರು.

ಹೆಡ್‌ಫೋನ್ ಬೇಡ ಎಂದು ಅವರು ಬಂದ ಮೇಲೆ ದೊಡ್ಡ ಸ್ಪೀಕರಿನಲ್ಲೇ ಹಾಕಿದೆ. ಅಂಕಲ್ ಹೀಟರ್ ಆರಿಸಿದರು, ಅದರ ಗೊರಗೊರ ಅಡ್ಡ ಬರಬಾರದೆಂದು. ನಾವು ಮೂವರೂ ಕೋಟು ಹಾಕಿಕೊಂಡೇ ಕೂತಿದ್ದೆವು. ಮಂತ್ರಿಗಳ ಸೊರಗಿದ ದನಿ ಕೋಣೆಯಲ್ಲಿ ತುಂಬಿತು. ನೀರಿನ ಗುಟುಕು. ಮೌನ. ಆಮೇಲೆ ನಾನು ಜೋಡಿಸಿದ ನೆರಳು, ಗೋಡೆಯಾಚೆ ಯಾರೋ ಮಾತಾಡಿದ ಹಾಗೆ. ಆಮೇಲೆ ಮತ್ತೆ ಮೌನ.

ನಾನು ಕಂಡದ್ದನ್ನು ಕಂಡಷ್ಟೇ ಹೇಳಿದೆ. 'ತೆ' ಎಂದು ತೋರುತ್ತದೆ, ಎರಡು ಕಡೆಯೂ ಹಾಗೇ ತೋರುತ್ತದೆ, ಆದರೆ ಖಂಡಿತವಾಗಿ ಹೇಳಲಾರೆ.

ಅವರು ನನ್ನನ್ನು ನೋಡುತ್ತಿರಲಿಲ್ಲ. ಸ್ಪೀಕರಿನ ಕಡೆಗೇ ನೋಡುತ್ತಾ ಕೇಳಿದರು.

"ಚಪ್ಪಾಳೆಯನ್ನು ನೀವು ತೆಗೆದಿದ್ದೀರಾ?"

"ಇಲ್ಲ. ಈ ಟೇಪಿನಲ್ಲಿ ಚಪ್ಪಾಳೆ ಇಲ್ಲ."

"ಉಳಿದವುಗಳಲ್ಲಿ?"

"ಎಲ್ಲದರಲ್ಲೂ ಇದೆ. ಆ ಮಾತು ಬಂದ ಕೂಡಲೇ."

ಅವರು ಕೈಗವಸುಗಳನ್ನು ಒಂದೊಂದಾಗಿ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡರು. ನಾವು ಮರಳುತ್ತೇವೆ ಎಂದಿದ್ದರೆ ಜನ ಚಪ್ಪಾಳೆ ತಟ್ಟದೆ ಇರುತ್ತಿರಲಿಲ್ಲ ಎಂದರು. ಆ ದಿನ ಸಭೆ ಕಲ್ಲಿನ ಹಾಗೆ ಕೂತಿದ್ದು ಅವರಿಗೆ ನೆನಪಿತ್ತು. ಮೈಕು ಕೆಟ್ಟಿತೇನೋ ಅಂದುಕೊಂಡು, ಕಾಫಿಯ ತಟ್ಟೆ ಹಿಡಿದುಕೊಂಡೇ ವೇದಿಕೆಯ ಕಡೆ ನೋಡಿದ್ದರಂತೆ. ಮರಳುತ್ತೇವೆ, ಮರಳುತ್ತೇವೆ ಎಂದು ಆಮೇಲೆಯೂ ಮನೆಯಲ್ಲಿ ಹೇಳುತ್ತಲೇ ಇದ್ದವರು ತಾಯಿ. ಕೊನೆಯ ಸಭೆಯಲ್ಲೂ ಆ ಮಾತನ್ನೇ ತಂದೆಯ ಬಾಯಿಗೆ ಯಾವಾಗ ಇಟ್ಟೆನೋ ತನಗೇ ತಿಳಿಯದು ಎಂದರು.

"ಗೊತ್ತಿತ್ತು ಅಪ್ಪನಿಗೆ. ತಾನು ಬರುವುದಿಲ್ಲ ಅಂತ ಗೊತ್ತಿತ್ತು. ಅದನ್ನು ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ."

ಅಳುತ್ತಾರೆಂದುಕೊಂಡೆ. ಅವರು ಅಳಲಿಲ್ಲ. ಮುಖದ ಮೇಲಿನ ಯಾವುದೋ ಬಿಗಿ ಸಡಿಲವಾಗಿ, ಬಹಳ ದೂರ ನಡೆದು ಬಂದು ಕೂತವರ ಹಾಗೆ ಬೆನ್ನನ್ನು ಹಿಂದಕ್ಕೆ ಒರಗಿಸಿದರು. ಅಂಕಲ್ ಎದ್ದು ಹೀಟರ್ ಹಾಕಿ, ಟೀ ತರಲು ಹೋದರು.

ಟೇಪನ್ನು ಇರುವಂತೆಯೇ ಕೊಡಿ ಎಂದರು ಅವರು. ಖಾಲಿ ಜಾಗ ಖಾಲಿಯೇ ಇರಲಿ, ನೆರಳು ನೆರಳಾಗಿಯೇ ಇರಲಿ, ಏನನ್ನೂ ಒರೆಸುವುದು ಬೇಡ. ಹಿತ್ತಾಳೆಯ ಅಕ್ಷರಗಳು ಆಗಲೇ ತಯಾರಾಗಿದ್ದವಂತೆ. ಅಲ್ಲಿ ಈಗ ಸಂಜೆ, ಮ್ಯೂಸಿಯಮ್ಮಿನವರು ಇನ್ನೂ ಮನೆಗೆ ಹೋಗಿರಲಿಕ್ಕಿಲ್ಲ ಎಂದು, ಸ್ಟುಡಿಯೋದ ಫೋನನ್ನು ಬಳಸಬಹುದೇ ಎಂದು ಕೇಳಿದರು.

ನಾನು ಫೋನನ್ನು ಅವರತ್ತ ಸರಿಸಿದೆ. ಅವರು ನಂಬರು ಒತ್ತಿ, ತಮ್ಮ ಭಾಷೆಯಲ್ಲಿ ಮಾತಿಗೆ ತೊಡಗಿದರು. ಅವರು ಚೆಕ್ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಒಂದು ವಾಕ್ಯಕ್ಕೆ ಮೊದಲು ಅವರು ಟೀಯ ಗುಟುಕು ಕುಡಿದು ನಿಂತಾಗ, ನನಗೆ ತಿಳಿಯದೆಯೇ ನಾನು ಕಿವಿಗೊಟ್ಟೆ. ಆ ಕಡೆಯವರಿಗೆ ಸರಿಯಾಗಿ ಕೇಳಲಿಲ್ಲವೇನೋ, ಅಕ್ಷರ ಅಕ್ಷರ ಬಿಡಿಸಿ, ದನಿ ಏರಿಸಿ ಹೇಳಿದರು.

"ವ್ರಾ-ತೀ-ತೆ ಸೆ."

ಅಷ್ಟು ದಿನ ನಾನು ಮಂಜಿನೊಳಗೆ ಹುಡುಕಿದ್ದ ಅಕ್ಷರ ಹಗಲು ಬೆಳಕಿನಲ್ಲಿ, ನನ್ನ ಕೈಯಳತೆಯಲ್ಲಿ, ಸ್ಪಷ್ಟವಾಗಿ ಕೇಳಿತು.